ಹೊಗೆ ಮೂಸುವ ಕೆಲಸ

"ಮುಖದ ಮೇಲಿರೋದು ಮೂಗೋ, ಕನ್ನಡಕ ನೇತುಹಾಕೋ ಗೂಟವೋ?"

ಹಳೇ ಪ್ಲಾಸ್ಟಿಕ್ ಕರಗಿಸುವ ಶೆಡ್ಡಿನ ಧಣಿ ಕೂಲಿಗಳೆಲ್ಲರ ಎದುರು ತನ್ನ ಅಳಿಯನನ್ನೇ ಹೀಗೆ ಕೇಳಿದ. ಲೋಡ್ ಇಳಿಸಲು ಕಾಯುತ್ತಿದ್ದ ಲಾರಿ ಚಾಲಕನ ಕಿವಿಗೂ ಅದು ಬಿತ್ತು. ಒಂದೊಂದು ಚೂರನ್ನೂ ಸುಟ್ಟು, ಹೊಗೆ ಮೂಸಿ, ಯಾವ ಪ್ಲಾಸ್ಟಿಕ್ ಎಂದು ಬೇರ್ಪಡಿಸುವುದು ಅಳಿಯನ ಕೆಲಸ. ನಿನ್ನೆ ಬಾಟಲಿಗಳ ರಾಶಿಗೆ ಪೈಪಿನ ಚೂರು ಸೇರಿ, ಕರಗಿಸಿದ್ದೆಲ್ಲ ಕಂದುಗಟ್ಟಿ ಹಾಳಾಗಿತ್ತು.

"ನೆಗಡಿ ಆಗಿತ್ತು ಮಾವ."

"ವರ್ಷದಿಂದ ನೆಗಡಿನಾ? ಹಾಲು ಸೀದ್ರೂ ನಿಂಗೆ ಗೊತ್ತಾಗಲ್ವಂತೆ."

"ಅವಳು ಹೇಳಿದ್ಲಾ?"

"ನನ್ನ ಮಗಳಲ್ವಾ, ನಂಗೇ ಹೇಳ್ತಾಳೆ. ಕಣ್ಣು ಮುಚ್ಚು."

ಧಣಿ ಅವನ ಲೈಟರು ಕಿತ್ತುಕೊಂಡು ಒಂದು ಚೂರು ಸುಟ್ಟು ಮೂಗಿಗೆ ಹಿಡಿದ. ಅದರ ಘಾಟಿಗೆ ದೂರ ನಿಂತಿದ್ದ ಚಾಲಕನೇ ಕೆಮ್ಮಿದ.

"ಯಾವುದು?"

"ಬಾಟಲಿ."

"ಪೈಪು ಕಣೋ."

ಕೂಲಿಗಳು ನಕ್ಕರು.

"ಇದೇ ಹೊಗೆ ಕುಡಿದು ಮೂಗು ಹೋಯ್ತು ಮಾವ. ಮಾಸ್ಕ್ ಕೊಡಿ ಅಂತ ಎಷ್ಟು ಸಲ ಕೇಳ್ದೆ."

"ಮಾಸ್ಕ್ ಹಾಕ್ಕೊಂಡು ಏನನ್ನ ಮೂಸ್ತಿದ್ದೆ? ನಾಳೆಯಿಂದ ನೀನು ಬೇಡ, ನಿನ್ನ ತಮ್ಮನ್ನ ಕಳ್ಸು. ಅವನ ಮೂಗಿನ್ನೂ ಹೊಸದು."

ಅಳಿಯ ಧಣಿಯ ಕೈಯಿಂದ ಲೈಟರು ತೆಗೆದುಕೊಂಡ. ಚೂರು ತೊಳೆಯುವ ನೀರಿನ ಡ್ರಮ್ಮಿಗೆ ಅದನ್ನು ಹಾಕಿ, ಗೇಟು ದಾಟಿ ಹೋದ.