ನಾನು ತೆಗೆದಿಟ್ಟ ಹದಿನೇಳು ತೋಟೆಗಳ ಕುರಿತು

ನಾನು ಬರ್ನಡೆಟ್ ಮಸ್ಕರೇನ್ಹಸ್, ವಯಸ್ಸು 46, ಸ್ವಂತ ಊರು ಉಡುಪಿ ಜಿಲ್ಲೆಯ ಶಿರ್ವ, ಈಗಿನ ವಾಸ ದೋಹಾದ ಮುಶೈರಿಬ್ ಬಳಿಯ ಬಾಡಿಗೆ ಕೋಣೆ. ಲುಸೈಲ್ ಆಚೆಗಿನ ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಒಂಬತ್ತು ವರ್ಷಗಳಿಂದ ತೋಟೆ ತಪಾಸಣೆಯ ಕೆಲಸ. ನನಗೆ ಅರಬಿ ಬರೆಯಲು ಬಾರದ ಕಾರಣ ದುಭಾಷಿ ಸ್ಯಾಮ್ಯುಯೆಲ್ ಅವರ ಎದುರು ಕನ್ನಡದಲ್ಲಿ ಬರೆಸಿ ಪೊಲೀಸ್ ಅಧಿಕಾರಿಗಳಾದ ತಮಗೆ ಈ ಮೂಲಕ ತಿಳಿಸುವುದೇನೆಂದರೆ:

ರೈಫಲ್ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆಯನ್ನು ನಮ್ಮಲ್ಲಿ ಎಸೆಯುವುದಿಲ್ಲ. ಬಾಯಿಯ ಕೆಳಗಿನ ಕುತ್ತಿಗೆಯನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸಿ ಮೆದು ಮಾಡಿ ಮತ್ತೆ ಮದ್ದು ತುಂಬುತ್ತಾರೆ. ಕಾಯಿಸುವುದೂ ತಪಾಸಣೆಯೂ ನನ್ನ ಕೆಲಸ. ತುದಿ ಬಗ್ಗಿಸಿದ ತಂತಿಯನ್ನು ಒಳಗೋಡೆಗೆ ತಾಗಿಸಿ ಎಳೆದಾಗ ಬುಡದ ಹತ್ತಿರ ತಡೆದರೆ, ಅಲ್ಲಿ ಹಿತ್ತಾಳೆ ಸವೆದಿದೆ ಎಂದರ್ಥ. ಅಂಥದ್ದನ್ನು ಯಾರೂ ಬಳಸಬಾರದೆಂದು ಇಕ್ಕಳದಿಂದ ಬಾಯಿ ಚಪ್ಪಟೆ ಮಾಡುತ್ತೇನೆ.

ದಿನಾಂಕ 11-11-2024, ಸೋಮವಾರ ಬೆಳಿಗ್ಗೆ 10.20ಕ್ಕೆ ಇನ್ನೂರರಲ್ಲಿ ಹದಿನೇಳನ್ನು ಹಾಗೆ ಚಪ್ಪಟೆ ಮಾಡಿದೆ. 11.05ಕ್ಕೆ ಮೇಲ್ವಿಚಾರಕ ಲಾಯ್ಡ್ ಪಿಂಟೊ ಬಂದು, ಹೊಸ ತೋಟೆ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ, ಶುಕ್ರವಾರದ ಸ್ಪರ್ಧೆಗೆ ಇನ್ನೂರೂ ಬೇಕು ಎಂದರು. ಹದಿನೇಳು ಆಗುವುದಿಲ್ಲ ಎಂದೆ. “ಎಂತ ಮಾರಾಯ್ತಿ, ನಿನ್ನ ತಂತಿ ತಡೆದ್ರೆ ಲೋಕ ಮುಳುಗ್ತದಾ?” ಎಂದರು. ಲೋಕದ್ದು ಗೊತ್ತಿಲ್ಲ, ಹೊಡೆಯುವವನ ಮುಖ ಹೋಗುತ್ತದೆ ಎಂದೆ. ಅವರು ಆ ಹದಿನೇಳೂ ಸೇರಿ ಇನ್ನೂರೂ ಇದ್ದ ಟ್ರೇ ಎತ್ತಿಕೊಂಡು ಹೋದರು.

ದಿನಾಂಕ 13-11-2024ರಂದು 8.40ಕ್ಕೆ ಉಳ್ಳಾಲದ ಸರ್ಫರಾಝ್, ವಯಸ್ಸು 29, ಮದ್ದು ತುಂಬಿದ ಪೆಟ್ಟಿಗೆ ಹಿಡಿದು ನನ್ನ ಮೇಜಿಗೆ ಬಂದನು. ಪರೀಕ್ಷೆಯ ಗುಂಡು ಹೊಡೆಯುವವನು ಅವನೇ. “ಅಕ್ಕ, ಇದು ನೀವು ನೋಡಿದ್ದೇ ಅಲ್ವಾ?” ಎಂದು ಕೇಳಿದನು. ಪೆಟ್ಟಿಗೆಯ ಮೇಲೆ ನನ್ನ ಹೆಸರಿನ ಚೀಟಿ ಇತ್ತು. ನಾನು ತೆರೆದು ನೋಡಲಿಲ್ಲ. ಹೌದು, ಹೊಡಿ ಎಂದೆ. ಈ ಮಾತನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ.

9.15ಕ್ಕೆ ಆರನೇ ಗುಂಡು ರೈಫಲಿನೊಳಗೇ ಒಡೆಯಿತು. ನಾನು ಹನ್ನೆರಡು ಮೀಟರ್ ದೂರದಲ್ಲಿದ್ದೆ. ಓಡಿ ಹೋದಾಗ ಸರ್ಫರಾಝ್ ನೆಲದ ಮೇಲೆ ಕುಳಿತಿದ್ದನು. ಕರೆಂಟು ಹೋಯಿತೇ ಎಂದು ನನ್ನನ್ನು ಕೇಳಿದನು. ದೀಪಗಳೆಲ್ಲ ಉರಿಯುತ್ತಿದ್ದವು. ಬಲಗಣ್ಣಿನ ದೃಷ್ಟಿ ಮರಳುವುದಿಲ್ಲವೆಂದು ವೈದ್ಯರು ಸಂಜೆ ಹೇಳಿದರು.

9.50ಕ್ಕೆ ಒಡೆದ ತೋಟೆಯ ಚೂರುಗಳನ್ನು ಹೆಕ್ಕಿದೆ. ಬಾಯಿಯ ಮೇಲೆ ನನ್ನ ಇಕ್ಕಳದ ಹಲ್ಲಿನ ಗುರುತು ಇತ್ತು. ಯಾರೋ ಕಂಬಿ ತುರುಕಿ ಅದನ್ನು ಮತ್ತೆ ದುಂಡಗೆ ಮಾಡಿದ್ದರು. ಚೂರುಗಳನ್ನು ತಮ್ಮ ಮುಂದೆ ಹಾಜರುಪಡಿಸಿದ್ದೇನೆ.

ಮಧ್ಯಾಹ್ನ 2.00ಕ್ಕೆ ಲಾಯ್ಡ್ ನನ್ನನ್ನು ಆಫೀಸಿಗೆ ಕರೆಸಿ, ನಾನು ಅತಿಯಾಗಿ ಕಾಯಿಸಿದ್ದರಿಂದ ತೋಟೆ ಒಡೆಯಿತೆಂದು ಟೈಪು ಮಾಡಿದ ಹಾಳೆ ಕೊಟ್ಟರು. “ಸಹಿ ಹಾಕು, ಖಲಾಸ್. ನಿನ್ನ ವೀಸಾ ನಾನು ನೋಡ್ಕೊಳ್ತೇನೆ” ಎಂದರು. ನಾನು ಕಾಯಿಸುವುದು ಕುತ್ತಿಗೆಯನ್ನು, ಒಡೆದದ್ದು ಬುಡ. ಇದು ಅವರಿಗೂ ಗೊತ್ತು. ಹಾಳೆ ಹರಿದೆ. ಅವರ ಚಹಾದ ಲೋಟವನ್ನು ಗೋಡೆಗೆ ಎಸೆದದ್ದೂ ನಿಜ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಆ ಪೆಟ್ಟಿಗೆಯಲ್ಲಿ ಇನ್ನೂ 194 ತೋಟೆಗಳಿವೆ. ಅವುಗಳಲ್ಲಿ ಹದಿನಾರು ಸವೆದವು ಇರಬಹುದು. ಸ್ಪರ್ಧೆ ರದ್ದಾಗಿಲ್ಲ, ನಾಳೆ ಬೆಳಿಗ್ಗೆ 7.00ಕ್ಕೆ ಶುರು. ಮೊದಲು ಆ ಪೆಟ್ಟಿಗೆಗೆ ಮುದ್ರೆ ಹಾಕಿಸಿ. ಆಮೇಲೆ ನನ್ನನ್ನು ಎಷ್ಟು ಹೊತ್ತು ಬೇಕಾದರೂ ಕೂರಿಸಿ ಕೇಳಿ.

ಮೇಲೆ ಬರೆಸಿದ್ದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಲುಸೈಲ್
ದಿನಾಂಕ: 14-11-2024, ಸಂಜೆ 5.30
ಸಹಿ: ಬರ್ನಡೆಟ್ ಮಸ್ಕರೇನ್ಹಸ್