ತಳ್ಳಿಕೊಂಡು ಹೋದವರ ಲೆಕ್ಕ

ಪಾಲಿಕೆ ಕಚೇರಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಕ್ಷೆಯ ಸುರುಳಿ ಹಿಡಿದ ಎಂಜಿನಿಯರಮ್ಮ, ಪಕ್ಕದಲ್ಲಿ ರಸ್ತೆಬದಿ ನಿಂತು ವಾಹನ ಎಣಿಸುವ ಅವರ ನೌಕರ.

“ಮೇಲ್ಸೇತುವೆ ಮೇಲೆ ಬೆಳಿಗ್ಗೆಯೆಲ್ಲಾ ಬರೀ ಒಂಬತ್ತು ಸೈಕಲ್ಲಾ? ಇದನ್ನ ನೋಡಿದ್ರೆ ಆಯುಕ್ತರು ನಮ್ಮ ಸೈಕಲ್ ದಾರಿ ಯೋಜನೆಗೆ ಇವತ್ತೇ ಎಳ್ಳುನೀರು ಬಿಡ್ತಾರೆ.”

“ಅಲ್ಲಿ ಲಾರಿಗಳು ಮೈಮೇಲೇ ಬರ್ತವೆ, ಮೇಡಂ. ಉಳಿದೋರೆಲ್ಲಾ ಇಳಿದು ಸೈಕಲ್ ತಳ್ಕೊಂಡು ಹೋಗ್ತಾರೆ.”

“ಅವರನ್ನ ಎಣಿಸ್ಲಿಲ್ವಾ?”

“ಎಣಿಸ್ದೆ. ಪಾದಚಾರಿಗಳ ಕಾಲಂನಲ್ಲಿ.”

“ತಲೆ ನೆಟ್ಟಗಿದೆಯೇನಯ್ಯಾ? ಕೈಯಲ್ಲಿ ಸೈಕಲ್ ಹಿಡಿದೋನು ಪಾದಚಾರಿನಾ?”

“ಸೀಟಿನ ಮೇಲೆ ಕೂತೋರು ಮಾತ್ರ ಸವಾರರು ಅಂತ ಫಾರಂನಲ್ಲೇ ಅಚ್ಚಾಗಿದೆ.”

“ಯಾವ ಪುಣ್ಯಾತ್ಮ ಬರೆದಿದ್ದು ಅದನ್ನ?”

ಅವನು ಲಿಫ್ಟಿನ ಬಾಗಿಲನ್ನೇ ನೋಡಿದ. “ಕೆಳಗೆ ಸಹಿ ನಿಮ್ದೇ ಇದೆ, ಮೇಡಂ.”

ಲಿಫ್ಟ್ ಬಂತು. ಆಕೆ ಅಲುಗಾಡಲಿಲ್ಲ.

“ತಳ್ಕೊಂಡು ಹೋದೋರು ಎಷ್ಟು ಜನ?”

“ಈಗ ಹೇಗೆ ಹೇಳ್ಲಿ? ನಡೆಯೋರ ಜೊತೆ ಸೇರಿಹೋದ್ರು. ಒಬ್ಬನ ವಿಷಯ ಮಾತ್ರ ಗ್ಯಾರಂಟಿ ಹೇಳ್ತೀನಿ. ನಾನೂ ದಿನಾ ಹಾಗೇ ಬರೋದು.”

ಆಕೆ ಒಳಗೆ ಹೋಗಿ ಬಾಗಿಲಿಗೆ ಕೈ ಅಡ್ಡ ಹಿಡಿದರು.

“ನೀನೂ ಬಾ. ಮೊದ್ಲು ನನ್ನ ತಪ್ಪು ನಾನು ಹೇಳ್ತೀನಿ. ಆಮೇಲೆ ನೀನು ದಿನಾ ಹೇಗೆ ಬರ್ತೀಯ ಅಂತ ಆಯುಕ್ತರಿಗೆ ಹೇಳು.”

ಬಾಗಿಲು ಮುಚ್ಚಿತು.