ಅಳಿಯಾರ ಫಟ್‌ಫಟಿಯ ಹಿಂದಿನ ಗಾಲಿ

ಅರೆ ಅರೆ, ಹಂಗ ತುರುಕಬ್ಯಾಡ್ರಿ ಅಳಿಯಾರ! ಇಡ್ರಿ ಕೆಳಗ. ಗಾಲಿ ಗುಂಡಗದ ಅಂದಕೂಡ್ಲೇ ಎಲ್ಲಾ ಗಾಡಿಗೂ ಕೂಡ್ತದೇನು? ಯಾಕ ನಗ್ತೀರಿ? ಈ ಸೇಡಂದಾಗ ಈ ಅಬ್ದುಲ್ ಕರೀಮ್‌ನ ಬಿಟ್ರ ಫಟ್‌ಫಟಿ ಬಿಚ್ಚಿ ಕೂಡಸೋರು ಇನ್ನೊಬ್ರಿಲ್ಲ, ತಿಳೀತಾ?

ನೀವೇನೋ ನಿಮ್ಮ ಹೆಂಡ್ತಿ, ನಮ್ಮ ಓಣಿ ಮಗಳು ಗುರುದೇವಿನ್ನ ಕರ್ಕೊಂಡು ಹೋಗಾಕ ಚಿಂಚೋಳಿಯಿಂದ ಭಾಳ ಜೋರಲೆ ಬಂದ್ರಿ. ಆಡಕಿ ಊರ ಹತ್ರ ತೆಗ್ಗಿನ್ಯಾಗ ಬಿದ್ದು ಹಿಂದಿನ ಗಾಲಿ ಸೊಟ್ಟ ಮಾಡ್ಕೊಂಡ್ರಿ. ನಾ ವಾಡಿಯಿಂದ ಬ್ಯಾರೆ ಗಾಲಿ ತರಿಸ್ದೆ, ಖರೆ. ಆದ್ರ ಅದು ಮಿಲ್ಟ್ರಿಯವ್ರು ಹರಾಜ್ ಹಾಕಿದ ಗಾಡೀದು! ನೋಡ್ಲಿಕ್ಕ ಒಂದೇ ನಮೂನಿ, ಒಳಗಿನ ಕಥಿನೇ ಬ್ಯಾರೆ.

ಮೊದ್ಲ ಅಚ್ಚು ನೋಡ್ಬೇಕು. ದಪ್ಪ ಇದ್ರ ತೂತಿನ್ಯಾಗ ಹೋಗಂಗಿಲ್ಲ, ಸಣ್ಣ ಇದ್ರ ಲಟಪಟ... ಹಾಂ, ಹೋತು. ಹೋದ್ರೇನಾತು? ಗಾಲಿ ನಡುವಿನ ಗಡ್ಡಿ ಅಗಲ ಇದ್ರ ಎರಡೂ ಬಾಜೂ ತಿಕ್ತದ. ತಿಕ್ಕವಲ್ದಾ? ಇವತ್ತ ತಿಕ್ಕಂಗಿಲ್ಲ, ನಾಳಿ ತಿಕ್ತದ! ಮತ್ತ ಚೈನು... ಮುಂದಿನ ಹಲ್ಲಿನ ಚಕ್ರ, ಹಿಂದಿಂದು, ಎರಡೂ ಒಂದೇ ಗೆರಿಗೆ ಬರ್ಬೇಕು. ಜರಾ ಸರಿದ್ರೂ ಚೈನು ಜಿಗೀತದ. ಹಿಂದ ನಮ್ಮ ಹುಡುಗಿ ಕುಂತಿರ್ತಾಳ, ಯಾ ಅಲ್ಲಾ!

ಅದಕ್ಕ ಹೇಳ್ತೀನಿ, ಇನ್ನೆರಡ್ ದಿನ ಇರ್ರಿ. ನಾಳಿ ನಾಗರ ಪಂಚಮಿ. ಅತ್ತಿ ಮನ್ಯಾಗ ಕಾಲ್ ಚಾಚ್ಕೊಂಡು ಕುಂದ್ರಿ, ಉಂಡಿ ತಿನ್ರಿ. ತಾಳಿದವ ಬಾಳಿಯಾನು ಅಂತ ನಿಮ್ಮೋರೇ ಅಂತಾರಲ್ಲ!

ಆ ದಾರ ಯಾಕ ಹಿಡಿದ್ರಿ? ಈ ಚಕ್ರದಿಂದ ಆ ಚಕ್ರಕ್ಕ ದಾರ ಹಿಡಿದು ಗೆರಿ ನೋಡೋದು ನಿಮಗ ಯಾರ್ ಕಲಿಸಿದ್ರು? ನಾನೇ? ನಿನ್ನಿ?... ಥೂ, ನನ್ನ ಬಾಯಿಗಿಷ್ಟು ಮಣ್ಣ ಹಾಕ!

ಚೈನ್ ಹಾಕ್ತೀರಾ? ಹಾಕ್ರಿ. ನಟ್ ಬಿಗೀರಿ. ತಿರುವ್ರಿ... ಹ್ಞೂಂ. ತಿರಗ್ತದ. ಸರಳ ತಿರಗಾಕತ್ತದ... ಬ್ರೇಕೂ ಹಿಡೀತು.

ಹಂಗ ನೋಡಬ್ಯಾಡ್ರಿ ಅಳಿಯಾರ. ಬೈರಿ ಬೇಕಾದ್ರ.

ನಿನ್ನಿ ಸಂಜಿಗೇ ಗೊತ್ತಿತ್ತು ನನಗ, ಬರೋಬರಿ ಕೂಡ್ತದಂತ. ಗುರುದೇವಿ ಬಂದಿದ್ಲು. 'ಕಾಕಾ, ಪಂಚಮಿ ಮುಗಿಯೋತನ ಗಾಲಿ ಕೂಡಂಗಿಲ್ಲ ಅಂತ ಹೇಳು' ಅಂದ್ಲು. ಲಗ್ನ ಆದಾಗಿಂದ ಒಂದ್ ಪಂಚಮಿಗೂ ನಿಮ್ಮ ಅವ್ವಾರು ಆಕಿನ್ನ ಕಳಿಸಿಲ್ಲ. ಈ ವರ್ಷ ಹೆಂಗೋ ಬಂದ್ಲು, ಹಬ್ಬದ ಹೊತ್ತಿಗೇ ಅವರ ಹುಕುಂ ಅಂತ ನೀವು ಗಾಡಿ ತಗೊಂಡು ಬಂದ್ರಿ. ಗೆಳತ್ಯಾರು ಬೇವಿನ ಮರಕ್ಕ ಜೋಕಾಲಿ ಕಟ್ಟ್ಯಾರ. ಆಕಿ ಹತ್ತವಲ್ಲಳು, ನಿಂತು ನೋಡ್ತಾಳ. ಆಡಾಕತ್ತಾಗ ಕರ್ಕೊಂಡು ಹೋದ್ರ ಅಳು ಬರ್ತದಂತ... ನನಗ ಭಾಳ ಸಂಕಟ ಆತ್ರಿ. ಸುಳ್ಳ ಹೇಳ್ದೆ.

ಹೋಗ್ರಿ. ಗಾಡಿ ತಯಾರದ, ಕರ್ಕೊಂಡು ಹೋಗ್ರಿ...

ಮತ್ತ ಪಾನಾ ಯಾಕ ತಗೊಂಡ್ರಿ? ಬಿಗಿದ ನಟ್ ಯಾಕ ಬಿಚ್ಚಾಕತ್ತೀರಿ, ಅಳಿಯಾರ? ಗಾಲಿ ಯಾಕ ಹೊರಗ ಎಳದ್ರಿ? ತಲಿ ಯಾಕ ಅಲ್ಲಾಡಸ್ತೀರಿ?

ಏ ಮಗಳ! ಆಶಾಬಿ, ಓಡು! ಗುರುದೇವಿಗೆ ಹೇಳು, ಗಾಲಿ ಕೂಡವಲ್ದಂತ!